ಮಗು ಮೀಯಿಸುವ ಕೈ

ಮಳೆಗಾಲ ಇಳಿಯುವ ಸೋಣೆ ತಿಂಗಳು ಅರ್ಧ ಕಳೆದಿತ್ತು. ಬೆಳಗ್ಗೆ ಒಂದು ಮಳೆ, ಆಮೇಲೆ ಬೆನ್ನು ಸುಡುವ ಬಿಸಿಲು, ಮತ್ತೆ ಒಂದು ಮಳೆ. ಗಂಗೊಳ್ಳಿಯ ಬೋಟುಗಳು ಪುನಃ ಕಡಲಿಗಿಳಿದು ತಿಂಗಳಾಗಿತ್ತು. ವನಜ ನಸುಕಿಗೇ ಬುಟ್ಟಿ ಎತ್ತಿಕೊಂಡು ಬಂದರಿಗೆ ಹೋಗಿಯಾಗಿತ್ತು. ಅವಳ ಮನೆಯ ಹಿಂದಿನ ಬಚ್ಚಲಿನಲ್ಲಿ ಸುಂದರಿ ಒಲೆಗೆ ತೆಂಗಿನ ಒಣ ಮಡಲು ತುರುಕಿ, ಹಂಡೆಯ ನೀರು ಕಾಯಿಸಿ, ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಸಿಕ್ಕಿಸಿ, ಮಣೆಯ ಮೇಲೆ ಕಾಲು ಚಾಚಿ ಕೂತಿದ್ದಳು.

"ಕೊಡ್ ಕಾಂಬ. ಹ್ಯಾಂಗೆ ಕೂಗ್ತ್ಲ್ ಕಾಣ್, ಬಂದರದ ಏಲಂ ಕೂಗುವರ ಹಾಂಗೆ!"

ವನಜಳ ಮಗಳು ಧನ್ಯಶ್ರೀ ನಗುತ್ತಾ ಮಗುವನ್ನು ಕೊಟ್ಟಳು. ಬಾಳಂತನಕ್ಕೆಂದು ಉಪ್ಪುಂದದ ಗಂಡನ ಮನೆಯಿಂದ ಬಂದವಳು ಅವಳು. ಮಗುವಿಗೆ ಅಂದಿಗೆ ಮೂವತ್ತನಾಲ್ಕು ದಿನ.

ಸುಂದರಿ ಬಾಳಂತಿ-ಮಕ್ಕಳನ್ನು ಮೀಯಿಸಲು ಹಿಡಿದು ಮೂವತ್ತು ವರ್ಷವಾಯಿತು. ಎರಡು ಕಾಲನ್ನೂ ಜೋಡಿಸಿ, ಮೊಣಗಂಟಿನ ಕೆಳಗಿನ ಬರಿಯ ಕಾಲಿನ ಮೇಲೆ ಮಗುವನ್ನು ಮಲಗಿಸಿ, ಎಣ್ಣೆ ಹಚ್ಚಿ ನೀವಿ, ಹೆಸರುಹಿಟ್ಟು ಸವರಿ, ಬಲಗೈಯಲ್ಲಿ ನೀರು ಹೊಯ್ದು ಎಡಗೈಯಲ್ಲಿ ಹಣೆಗೆ ಅಡ್ಡ ಹಿಡಿಯುವುದು. ಈ ಧನ್ಯಶ್ರೀಯೂ ಇದೇ ಕಾಲಿನ ಮೇಲೆ ಮಿಂದವಳೇ. ಸುಂದರಿಯ ಕಾಲಿನ ಮೇಲೆ ಬಿದ್ದ ಮಗು ಎರಡನೇ ತಂಬಿಗೆಗೆ ಅಳು ನಿಲ್ಲಿಸುತ್ತದೆ ಎಂದು ಊರಿನಲ್ಲಿ ಹೆಸರಿತ್ತು.

ಆದರೆ ಇಂದು ಆ ಕಾಲು ತುರಿಸುತ್ತಿತ್ತು. ಮಗುವಿನ ಬೆನ್ನಿನ ಕೆಳಗೇ, ಹಿಡಿದ ಕೈ ಬಿಡುವಂತಿಲ್ಲದ ಜಾಗದಲ್ಲಿ. ಸುಂದರಿ ಹಲ್ಲು ಕಚ್ಚಿ ನೀರು ಹೊಯ್ದಳು.

ಮಳೆಗಾಲ ಹಿಡಿಯುವ ಹೊತ್ತಿಗೆ ಬೈಂದೂರಿನ ತಂಗಿಯ ಗಂಡ ತೀರಿಕೊಂಡಾಗ ಅವಳು ಹನ್ನೊಂದು ದಿನ ಅಲ್ಲಿದ್ದಳು. ನೆಂಟರು ತುಂಬಿದ ಮನೆ, ಒಂದು ಚಾಪೆಗೆ ನಾಲ್ಕು ಜನ, ಇಬ್ಬರಿಗೆ ಒಂದು ಕಂಬಳಿ. ಬಂದು ತಿಂಗಳಾದ ಮೇಲೆ ತುರಿಕೆ ಶುರುವಾಯಿತು. ಕುಂದಾಪುರದ ಡಾಕ್ಟರಮ್ಮ ಒಂದೇ ನೋಟಕ್ಕೆ "ಕಜ್ಜಿ, ಚರ್ಮದೊಳಗೆ ಹುಳ" ಎಂದು ಮುಲಾಮು ಬರೆದುಕೊಟ್ಟಿದ್ದರು. ಕುತ್ತಿಗೆಯಿಂದ ಅಂಗಾಲಿನ ತನಕ ಹಚ್ಚಿ, ಬೆಳಗಿನ ತನಕ ಬಿಟ್ಟು, ಮೀಯಬೇಕು. ಮನೆಯವರೆಲ್ಲ ಒಂದೇ ದಿನ ಹಚ್ಚಬೇಕು. ಸುಂದರಿ ಹಚ್ಚಿಕೊಂಡಳು, ಸೊಸೆ ಪುಷ್ಪಳಿಗೂ ಹಚ್ಚಿಸಿದಳು, ಬಟ್ಟೆಬರೆಯೆಲ್ಲ ಕುದಿಸಿ ಬಿಸಿಲಿಗೆ ಹಾಕಿದಳು. ಮಲಗುವ ಮುಂಚೆ ಎರಡೂ ಕೈಯನ್ನು ಮಾತ್ರ ಸಾಬೂನು ಹಾಕಿ ಮೊಣಕೈ ತನಕ ತೊಳೆದುಕೊಂಡಳು. ಬೆಳಗಾದರೆ ಎಳೆಮಗುವಿನ ಬಾಯಿ ಒರೆಸುವ ಕೈ, ಮದ್ದಿನ ವಾಸನೆ ಇರಬಾರದು. ಇದರಲ್ಲಿ ತಪ್ಪೇನಾದರೂ ಇದೆ ಎಂದು ಅವಳಿಗೆ ಅನ್ನಿಸಲೇ ಇಲ್ಲ.

ಮಗುವಿನ ಕಾಲು ಒರೆಸುವಾಗ ಅಂಗಾಲಿನಲ್ಲಿ ಅವಳ ಬೆರಳಿಗೆ ಏನೋ ತಾಗಿತು. ಸಾಸಿವೆಯಂಥ ಗುಳ್ಳೆಗಳು, ಕೆಲವಕ್ಕೆ ಕೀವು ಕಟ್ಟಿತ್ತು.

"ಇದೆಂತ ಹೆಣೆ?"

"ಅಮ್ಮ ನಂಜ್ ಅಂಬ್ರ್," ಎಂದಳು ಧನ್ಯಶ್ರೀ. "ನಂಗೂ ಕೈಗಂಟಿನ ಹತ್ರ ತುರ್ಸುತ್ತ್. ಉಪ್ಪುಂದದಿಂದ ಬಂದ ಬಂಗ್ಡಿ ಮೀನ್ ನಾನ್ ಕದ್ದ್ ತಿಂದೆ, ಅದೇ ನಂಜಾಯ್ತ್ ಅಂತ ಅಮ್ಮಂಗೆ ಸಂಶಯ. ಈಗ ಬರೀ ಗಂಜಿ, ಕಾಳುಮೆಣಸಿನ ಸಾರ್. ಮೀನ್ ಮಾರುವರ ಮನೆಯೊಳ್ಗೆ ಮೀನಿನ ವಾಸ್ನೆ ಮಾತ್ರ ನಂಗೆ."

ಸುಂದರಿ ನಗಲಿಲ್ಲ. ಮಗುವನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟು, ಗಂಜಿಯನ್ನೂ ಕುಡಿಯದೆ, ತ್ರಾಸಿ ಮೇಲೆ ಹೋಗುವ ಬಸ್ಸು ಹತ್ತಿ ಕುಂದಾಪುರಕ್ಕೆ ಹೋದಳು.

ಡಾಕ್ಟರಮ್ಮ ಭೂತಗನ್ನಡಿ ಹಿಡಿದು ಅವಳ ಬೆರಳ ಸಂದಿಗಳನ್ನು ಒಂದೊಂದಾಗಿ ನೋಡಿದರು.

"ಇಲ್ಲಿ ಹುಳ ಇನ್ನೂ ಇದೆ. ಕೈಗೆ ಹಚ್ಚಿದ್ರಾ?"

"ಹಚ್ಚಿದೆ ಅಮ್ಮ. ಮತ್ತೆ ತೊಳ್ಕಂಡೆ."

"ಯಾಕೆ ತೊಳೆದ್ರಿ?"

ಸುಂದರಿ ಮಗು ಮೀಯಿಸುವ ಕೆಲಸವನ್ನೂ, ಆ ಮಗುವಿನ ಅಂಗಾಲಿನ ಗುಳ್ಳೆಗಳನ್ನೂ ಹೇಳಿದಳು. ಡಾಕ್ಟರಮ್ಮ ಕನ್ನಡಿ ಕೆಳಗಿಟ್ಟರು. ಕೈಯಲ್ಲೇ ಹೆಚ್ಚು ಹುಳ ಇರುವುದು, ಅದನ್ನೇ ಬಿಟ್ಟರೆ ಉಳಿದದ್ದೆಲ್ಲ ದಂಡ ಎಂದರು. ಕೈ ತೊಳೆದರೆ ಮತ್ತೆ ಹಚ್ಚಬೇಕು. ಈಗೊಮ್ಮೆ, ವಾರ ಬಿಟ್ಟು ಇನ್ನೊಮ್ಮೆ. ಹುಳ ಸತ್ತ ಮೇಲೂ ಮೂರು ನಾಲ್ಕು ವಾರ ತುರಿಸಬಹುದು, ಅದಕ್ಕೆ ಹೆದರಿ ಪುನಃ ಪುನಃ ಮುಲಾಮು ಮೆತ್ತಬಾರದು.

"ಆ ಮಗು, ಅದರ ತಾಯಿ, ಆ ಮನೆಯವರು ಎಲ್ಲರೂ ಬರಬೇಕು. ಎಳೆಮಗುವಿಗೆ ಬೇರೆ ಮುಲಾಮು. ನಾಳೆಯೇ ಕಳಿಸಿ."

"ಹೇಳ್ತೆ ಅಮ್ಮ," ಎಂದಳು ಸುಂದರಿ.

ಹೇಳಲಿಲ್ಲ. ವನಜಳಿಗೆ ಫೋನು ಮಾಡಿ, ಜ್ವರ, ನಾಲ್ಕು ದಿನ ಬರುವುದಿಲ್ಲ ಎಂದಳು. ಕಜ್ಜಿ ಇರುವ ಕೈಯಲ್ಲಿ ಮಗು ಮೀಯಿಸಿದಳು ಎಂದು ಒಂದು ಮನೆಗೆ ಗೊತ್ತಾದರೆ ಊರಿನ ಯಾವ ಮನೆಯೂ ಬಾಗಿಲು ತೆರೆಯುವುದಿಲ್ಲ. ಅಂಗಾಲಿನ ಗುಳ್ಳೆ ಉಷ್ಣಕ್ಕೂ ಬರುತ್ತದೆ, ತಾನಾಗಿ ಹೋಗಲೂಬಹುದು ಎಂದು ಮನಸ್ಸಿಗೆ ಹೇಳಿಕೊಂಡಳು.

ಅಂದು ಸಂಜೆಗೇ ಮೈಗೆಲ್ಲ, ಎರಡು ಕೈಗೂ ಉಗುರಿನ ಸಂದಿ ಬಿಡದೆ ಮುಲಾಮು ಬಳಿದುಕೊಂಡು, ಕೈಯನ್ನು ಮಡಿಲಿನಿಂದ ದೂರ ಹಿಡಿದು ಕೂತಳು. ಪುಷ್ಪ ಅನ್ನ ಕಲಸಿ ಬಾಯಿಗೆ ಇಟ್ಟಳು.

"ನಾನ್ ಮದಿ ಆಯಿ ಈ ಮನೆಗೆ ಬಂದ ವರ್ಷ ಸಾರಿಗೆ ಉಪ್ಪ್ ಹೆಚ್ಚಾಯ್ತ್ ಅಂತ ಬೈದಿದ್ರಿ. ಇವತ್ ಹ್ಯಾಂಗಿತ್ತ್ ಅತ್ತೆ?"

"ಬಾಯಿ ತುಂಬಾ ತುರ್ಕ್ಸಿ ಕೇಂತಿಯಲೆ. ಹೇಳುದ್ ಹ್ಯಾಂಗೆ?"

ಬೆಳಿಗ್ಗೆ ಮಿಂದಾಗ ಹಾಯೆನಿಸಿತು. ಮಾರನೆಯ ದಿನ ಮತ್ತೆ ತುರಿಕೆ. ಡಾಕ್ಟರಮ್ಮ ಹೇಳಿದ್ದು ನೆನಪಿತ್ತು, ಆದರೆ ಮೈ ಕೇಳಬೇಕಲ್ಲ. ಹುಳ ಸತ್ತಿಲ್ಲ, ಇನ್ನೂ ಒಳಗೆ ಹರಿಯುತ್ತಿದೆ ಎಂದೇ ಅನ್ನಿಸಿತು. ಮೂರನೆಯ ದಿನ ಹಚ್ಚಿದಳು, ನಾಲ್ಕನೆಯ ದಿನ ಹಚ್ಚಿದಳು. ಐದನೆಯ ದಿನ ಚರ್ಮ ಮೆಣಸು ಅರೆದು ಮೆತ್ತಿದಂತೆ ಉರಿಯಿತು, ಮೊಣಕೈಯ ಒಳಮಗ್ಗುಲು ಸಿಪ್ಪೆ ಏಳತೊಡಗಿತು. ಪುಷ್ಪ ಟ್ಯೂಬನ್ನು ಕಸಿದು ಅಕ್ಕಿಡಬ್ಬದೊಳಗೆ ಹೂತಿಟ್ಟಳು. "ಹುಳ ಸಾಯುಕಿಂತ ಮುಂಚೆ ನೀವೇ ಸಾಯ್ತ್ರಿ," ಎಂದಳು.

ಆರನೆಯ ದಿನ ಮಧ್ಯಾಹ್ನ ಧನ್ಯಶ್ರೀಯ ಫೋನು ಬಂತು. ಅಳುತ್ತಿದ್ದಳು.

"ಸುಂದ್ರಕ್ಕ, ಜ್ವರ ಬಿಡ್ತಾ? ನೀವಾದ್ರೂ ಬಂದ್ ಅಮ್ಮಂಗೆ ಹೇಳಿ. ಮಗು ಮನಿಕಂತಿಲ್ಲೆ. ಪಾದ ಎಲ್ಲ ಕೀವ್. ನನ್ ಹಾಲೇ ನಂಜಾಯ್ತಂಬ್ರ್. ಇವತ್ತಿನಿಂದ ಡಬ್ಬಿ ಹಾಲ್ ಕೊಡುದಂಬ್ರ್."

ಸುಂದರಿ ಫೋನು ಇಟ್ಟು, ಉಟ್ಟ ಸೀರೆಯಲ್ಲೇ ಹೊರಟಳು.

ಮಳೆ ಬಿಟ್ಟ ಹೊತ್ತು ನೋಡಿ ವನಜ ಅಂಗಳದಲ್ಲಿ ಟಾರ್ಪಾಲು ಹಾಸಿ ಉಪ್ಪು ಹಚ್ಚಿದ ಮೀನು ಹರವುತ್ತಿದ್ದಳು. ನಡುನಡುವೆ ನೆಟ್ಟಗಾಗಿ ಚಪ್ಪರದ ಕಂಬಕ್ಕೆ ಸೊಂಟ ಉಜ್ಜಿಕೊಳ್ಳುತ್ತಿದ್ದಳು.

"ಹ್ವಾಯ್, ಸುಂದ್ರಕ್ಕ! ಜ್ವರ ಬಿಟ್ಟ ಮುಖವಾ ಇದ್? ಬನಿ, ಕೂಕಣಿ."

ಸುಂದರಿ ಅಂಗಳದಲ್ಲೇ ನಿಂತಳು. "ವನಜ, ಹಾಲ್ ನಿಲ್ಸಬೇಡ. ಅದ್ ನಂಜಲ್ಲ. ಕಜ್ಜಿ. ನನ್ ಕೈಯಿಂದ ಹತ್ತಿದ್."

ವನಜ ಕೈಯಲ್ಲಿದ್ದ ಮೀನನ್ನು ಹಾಗೇ ಹಿಡಿದು ನಿಂತಳು. ಸುಂದರಿ ಬೈಂದೂರಿನ ಕಂಬಳಿಯಿಂದ ಹಿಡಿದು ಡಾಕ್ಟರಮ್ಮನ ಕನ್ನಡಿಯ ತನಕ ಎಲ್ಲ ಹೇಳಿದಳು. ಕೈ ತೊಳೆದದ್ದನ್ನೂ ಹೇಳಿದಳು. ಜ್ವರ ಇರಲಿಲ್ಲ ಎಂಬುದನ್ನೂ.

"ನಿಮ್ಗೆ ಗೊತ್ತಾಯಿ ಎಷ್ಟ್ ದಿನ ಆಯ್ತ್?" ವನಜಳ ದನಿ ಏರಲಿಲ್ಲ.

"ಆರ್ ದಿನ."

"ಆರ್ ದಿನ! ಆರ್ ದಿನವೂ ನಾನ್ ನನ್ ಮಗಳಿಗೆ ಬೈದೆ ಸುಂದ್ರಕ್ಕ. ಹೆತ್ತ ಹೆಣ್ಣಿಗೆ ಗಂಜಿ ನೀರ್ ಹೊಯ್ದೆ. ಬಾಯಿ ಚಪಲ ನಿಂಗೆ, ಮಗುನ ಕೊಲ್ತಿ ಅಂದೆ." ಈಗ ದನಿ ಏರಿತು. "ಹುಳ ಹತ್ತಿದ್ ನಿಮ್ ತಪ್ಪಲ್ಲ ಅಂಬ. ಬಾಯಿಗೆಂತ ಹತ್ತಿತ್ ನಿಮ್ಗೆ?"

ಒಳಗಿನಿಂದ ಮಗುವಿನ ಅಳು ಕೇಳಿಸಿತು. ಧನ್ಯಶ್ರೀ ಬಾಗಿಲಿಗೆ ಬಂದು ಇಬ್ಬರ ಮುಖವನ್ನೂ ನೋಡಿದಳು. ಎಲ್ಲ ಕೇಳಿಸಿಕೊಂಡಿದ್ದಳು. ತಿರುಗಿ ಒಳಗೆ ಹೋಗಿ ಮಗುವನ್ನು ಎದೆಗೆ ಹಾಕಿಕೊಂಡಳು.

"ನಿಂಗೂ ಸೊಂಟ ತುರ್ಸುತ್ತಲೆ," ಎಂದಳು ಸುಂದರಿ ಮೆಲ್ಲಗೆ.

"ಅದ್ ಉಪ್ಪಿನ್ ನೀರಿಗೆ," ಎಂದು ಗದರಿದ ವನಜ ಕಂಬದಿಂದ ದೂರ ಸರಿದಳು. ಕೈಯಲ್ಲಿದ್ದ ಮೀನನ್ನು ಟಾರ್ಪಾಲಿಗೆ ಹಾಕಿ, "ಆ ಡಾಕ್ಟ್ರ್ ಎಷ್ಟ್ ಗಂಟೆ ತನ್ಕ ಇರ್ತ್ರ್?" ಎಂದು ಕೇಳಿದಳು.

ರಿಕ್ಷಾದಲ್ಲಿ ವನಜ, ಧನ್ಯಶ್ರೀ, ಮಗು ಮೂವರೇ ಹೋದರು. ಹರವಿದ ಮೀನಿಗೆ ಮಳೆ ಬೀಳದ ಹಾಗೆ ಟಾರ್ಪಾಲು ಮಡಚಿ, ಬಾಗಿಲು ಎಳೆದುಕೊಂಡು ಸುಂದರಿ ಮನೆಗೆ ನಡೆದಳು.

ಎಂಟು ದಿನದಲ್ಲಿ ಮಗುವಿನ ಪಾದ ಒಣಗಿತೆಂದು ಪುಷ್ಪ ಸಂತೆಯಲ್ಲಿ ಕೇಳಿ ಬಂದಳು. ವನಜ ಯಾರಿಗೂ ಹೇಳಲಿಲ್ಲ, ಆದರೂ ಸುದ್ದಿ ನಿಲ್ಲಲಿಲ್ಲ. ದಸರೆಯ ನಂತರದ ಹೆರಿಗೆಗಳಿಗೆ ಮೀಯಿಸಲು ಅವಳನ್ನು ಗೊತ್ತುಮಾಡಿದ್ದ ಎರಡು ಮನೆಯವರು ಬೇರೆಯವರನ್ನು ಹೇಳಿದ್ದೇವೆ ಎಂದರು. ಸುಂದರಿಯ ತುರಿಕೆ ಕಡಿಮೆಯಾಗಿತ್ತು, ಹೋಗಿರಲಿಲ್ಲ. ಡಾಕ್ಟರಮ್ಮ ಮತ್ತೆ ಕನ್ನಡಿ ಹಿಡಿದು, "ಹುಳ ಒಂದೂ ಇಲ್ಲ. ಸತ್ತದ್ದು ಚರ್ಮದೊಳಗಿದೆ, ಚರ್ಮ ಉದುರುವ ತನಕ ಮೈ ಜಗಳ ಮಾಡುತ್ತದೆ. ನೀವು ಪುನಃ ಪುನಃ ಮುಲಾಮು ಮೆತ್ತಿ ಅದಕ್ಕೆ ಇನ್ನೂ ಸಿಟ್ಟು ಬರಿಸಿದ್ದೀರಿ," ಎಂದು ಮಾತ್ರೆ ಕೊಟ್ಟರು. ಇದು ಯಾರಿಗೂ ಹರಡುವುದಿಲ್ಲ ಎಂದೂ ಹೇಳಿದರು. ಹೇಳಿದ್ದನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು ಬರಬೇಕಿತ್ತು ಎಂದು ಸುಂದರಿಗೆ ಬಸ್ಸಿನಲ್ಲಿ ಅನ್ನಿಸಿತು.

ನವರಾತ್ರಿ ಮುಗಿದ ಒಂದು ಬೆಳಿಗ್ಗೆ ವನಜ ಬಂದಳು. ಜಗಲಿಯ ಅಂಚಿನಲ್ಲಿ ಕೂತು ಚೀಲದಿಂದ ಒಂದು ಲಕೋಟೆ, ಒಂದು ಹೊಸ ಸೀರೆ ತೆಗೆದಿಟ್ಟಳು. ಮಗುವಿಗೆ ಮೂರು ತಿಂಗಳು ತುಂಬಿ ಮೀಯಿಸುವವಳ ಕೆಲಸ ಮುಗಿದ ದಿನ ಕೂಲಿಯ ಜತೆ ಸೀರೆ ಕೊಡುವುದು ಅವರಲ್ಲಿ ರೂಢಿ. ಮೂರು ತಿಂಗಳಿಗೆ ಇನ್ನೂ ಹದಿನೆಂಟು ದಿನವಿತ್ತು.

"ನಾನ್ ಮೀಸುಕೆ ಕೂಕಂಡ್ರೆ ಮಗು ಹೊಳೆ ಆಚೆ ಕೋಡಿ ತನ್ಕ ಕೇಂಬಂಗೆ ಕೂಗ್ತ್ಲ್," ಎಂದಳು ವನಜ. "ಧನ್ಯ ನಿಮ್ಮನ್ನ ಕರೀಕ್ ಅಂತ್ಲ್. ಈಗ ತುರ್ಕಿ ಇಲ್ಲೆ ಅಲ್ದಾ?"

ಇಲ್ಲ ಎಂದರೆ ನಾಳೆಯೇ ಹೋಗಬಹುದಿತ್ತು. ಸುಳ್ಳೂ ಆಗುತ್ತಿರಲಿಲ್ಲ ಪೂರ್ತಿ, ಹುಳವಂತೂ ಇಲ್ಲವಲ್ಲ.

"ಈಗ್ಲೂ ಇತ್ತ್," ಎಂದಳು ಸುಂದರಿ. "ಹುಳ ಸತ್ತಿತ್ತ್. ಹರಡುದಿಲ್ಲೆ ಅಂದಿರ್ ಡಾಕ್ಟ್ರ್. ತುರ್ಕಿ ಮಾತ್ರ ಇನ್ನೂ ಇತ್ತ್."

ವನಜ ಅವಳ ಕೈಗಳನ್ನು ನೋಡಿದಳು. ಬೆರಳ ಸಂದಿಯಲ್ಲಿ ಸಿಪ್ಪೆ ಎದ್ದು ಹೊಸ ಚರ್ಮ ತೆಳುವಾಗಿ ಬರುತ್ತಿತ್ತು.

"ನಂಗೂ ಹಾಂಗೇ ಹೇಳಿರ್," ಎಂದಳು. "ಗೊತ್ತಿತ್ತ್ ನಂಗೆ. ಆದ್ರೂ ಮಗುನ ಕೊಡುಕೆ ಮನಸ್ ಬತ್ತಿಲ್ಲೆ ಸುಂದ್ರಕ್ಕ."

ಸುಂದರಿ ಮಗು ಮೀಯಿಸಿದ ದಿನಗಳ ಕೂಲಿಯ ಲಕೋಟೆಯನ್ನು ತೆಗೆದುಕೊಂಡಳು. ಸೀರೆಯನ್ನು ಆಚೆ ಸರಿಸಿದಳು. "ಮುಗಿಸದ್ ಕೆಲ್ಸಕ್ಕೆ ಸೀರೆ ಇಲ್ಲೆ. ತಕಂಡ್ ಹೋಗ್."

ವನಜ ಒತ್ತಾಯ ಮಾಡಲಿಲ್ಲ. ಸೀರೆಯನ್ನು ಚೀಲಕ್ಕೆ ಹಾಕಿಕೊಂಡು, ಸಂತೆಯ ಬಸ್ಸಿನ ಹೊತ್ತಾಯಿತೆಂದು ಎದ್ದಳು. ಬೇಲಿಯ ದಣಪೆ ದಾಟುವಾಗ ತಿರುಗಿ, "ಮಾತ್ರೆ ಬಿಡಬೇಡಿ," ಎಂದಳು. ಸುಂದರಿ ತಲೆಯಾಡಿಸಿದಳು. ವನಜ ತಿರುವಿನಲ್ಲಿ ಮರೆಯಾಗುವ ತನಕ ತಡೆದು, ಆಮೇಲೆ ಬಗ್ಗಿ, ಮೊಣಗಂಟಿನ ಕೆಳಗೆ ಎರಡೂ ಕೈಯಲ್ಲಿ ತುರಿಸಿಕೊಂಡಳು.