ಏಳನೆಯವಳು

ಹದಿನಾಲ್ಕು ವರ್ಷ ಫುಟ್‌ಬಾಲ್ ತಂಡದ ಡಿಫೆನ್ಸಿನಲ್ಲಿ ನಿಂತವಳು ನಾನು. ಹುಡುಗಿಯರು ನನ್ನನ್ನು ಗೋಡೆ ಅಂತ ಕರೆಯುತ್ತಿದ್ದರು. ಮಂಡಿ ಕೈಕೊಟ್ಟ ಮೇಲೆ ಕ್ಲಬ್ಬಿನವರು ಕಾರ್ಯದರ್ಶಿ ಮಾಡಿ, ಬಟ್ಟೆ ಬದಲಿಸುವ ಕೋಣೆಯ ಪಕ್ಕದಲ್ಲಿ ಒಂದು ಮೇಜು, ಒಂದು ಕಬ್ಬಿಣದ ಕಪಾಟು ಕೊಟ್ಟರು. ಗೋಡೆಗೆ ಕುರ್ಚಿ ಸಿಕ್ಕಿತು ಅಂತ ಎಲ್ಲರೂ ನಕ್ಕರು. ನಾನೂ ನಕ್ಕೆ. ಆಡಿದವಳೇ ಆಫೀಸಿಗೆ ಬಂದರೆ ಆಡುವವರ ಕಷ್ಟ ಅರ್ಧ ಕಳೆಯುತ್ತದೆ ಅಂದುಕೊಂಡಿದ್ದೆ.

ಆ ಭಾನುವಾರ ಬೆಳಿಗ್ಗೆ ಆಟಗಾರ್ತಿಯರ ಪಟ್ಟಿ ಬರೆಯುತ್ತ ಕೂತಿದ್ದೆ. ಮೂವರಿಗೆ ಗಾಯ, ಇಬ್ಬರಿಗೆ ಪರೀಕ್ಷೆ, ಇನ್ನಿಬ್ಬರನ್ನು ಮನೆಯಲ್ಲಿ ಕಳಿಸಲಿಲ್ಲ. ಉಳಿದವರು ಆರು. ಹನ್ನೊಂದು ಜನ ಇಲ್ಲದಿದ್ದರೂ ನಡೆಯುತ್ತದೆ, ಏಳು ಜನ ಇಲ್ಲದೆ ರೆಫ್ರಿ ಆಟ ಶುರು ಮಾಡುವುದಿಲ್ಲ. ಹಿಂದಿನ ತಿಂಗಳು ಒಂದು ಆಟ ಹೀಗೇ ಕೈತಪ್ಪಿ ಹೋಗಿತ್ತು. "ಇನ್ನೊಂದ್ಸಲ ಹೀಗಾದ್ರೆ ಹೆಂಗಸರ ತಂಡಾನೇ ಮುಚ್ಬಿಡೋಣ, ಪೀಡೆ ತೊಲಗ್ಲಿ" ಅಂದಿದ್ದರು ಅಧ್ಯಕ್ಷರು, ನನ್ನೆದುರೇ, ಟೀ ಕುಡಿಯುತ್ತ.

ಆಗ ಚಿಗಟ ಬಂದಳು. ಹತ್ತೊಂಬತ್ತರ ಹುಡುಗಿ. ಐದಡಿಯೂ ಇಲ್ಲ, ಆದರೆ ಚೆಂಡು ಮೇಲೆ ಬಂದರೆ ಎಲ್ಲರಿಗಿಂತ ಎತ್ತರ ಹಾರುತ್ತಾಳೆ. ಅದಕ್ಕೇ ಆ ಹೆಸರು. ಬುಧವಾರ ಅಭ್ಯಾಸದಲ್ಲಿ ಗೋಲು ಕಂಬಕ್ಕೆ ತಲೆ ಬಡಿದಿತ್ತು. ಡಾಕ್ಟರ ಚೀಟಿ ತಂದು ಮೇಜಿನ ಮೇಲಿಟ್ಟಳು: ತಲೆಗೆ ಪೆಟ್ಟು, ಮೂರು ವಾರ ಆಟ ಕೂಡದು.

"ತಲೆನೋವಿದ್ಯಾ?"

"ಇಲ್ಲಕ್ಕ. ಏನೂ ಆಗಿಲ್ಲ. ಆಡ್ತೀನಿ."

ಕಿಟಕಿಯ ಬೆಳಕು ತಡೆಯಲಾರದೆ ಕಣ್ಣು ಕಿರಿದು ಮಾಡಿಕೊಂಡೇ ಹೇಳಿದಳು. ಈ ಸುಳ್ಳು ನನಗೆ ಹೊಸದಲ್ಲ. ಹೊರಗೆ ಕೂರಿಸುತ್ತಾರೆಂಬ ಹೆದರಿಕೆಗೆ ಆಡುವವರೆಲ್ಲ ಹೇಳುತ್ತಾರೆ. ಮುರಿದ ಬೆರಳನ್ನು ಕಾಲುಚೀಲದೊಳಗೆ ಮುಚ್ಚಿಕೊಂಡು ನಾನೇ ಎಷ್ಟು ಸಲ ಹೇಳಿಲ್ಲ. ನನ್ನ ಜಾಗದಲ್ಲಿ ಬೇರೆ ಯಾರಾದರೂ ಗುಮಾಸ್ತ ಇದ್ದಿದ್ದರೆ ನಂಬಿ ಮೋಸಹೋಗುತ್ತಿದ್ದ. ನಾನು ನಂಬಲಿಲ್ಲ. ನಂಬದೆಯೇ ಏಳನೆಯ ಹೆಸರು ಬರೆದೆ, ಚೀಟಿಯನ್ನು ಕಪಾಟಿನೊಳಗೆ ಹಾಕಿದೆ.

"ಚೆಂಡಿಗೆ ತಲೆ ಕೊಡ್ಬೇಡ. ಸುಮ್ನೆ ನಿಂತಿರು, ಸಾಕು" ಅಂದೆ. ಮೀನಿಗೆ ಈಜಬೇಡ ಅಂದ ಹಾಗೆ.

ನಲವತ್ತನೆಯ ನಿಮಿಷದಲ್ಲಿ ಕಾರ್ನರ್ ಬಂತು. ಹಾರಿದಳು. ಎದುರಾಳಿಯ ತಲೆಗೆ ಅವಳ ತಲೆ ಬಡಿದ ಸದ್ದು ನಾನು ಕೂತಲ್ಲಿಗೂ ಕೇಳಿಸಿತು. ಎದುರಾಳಿ ಹಣೆ ಉಜ್ಜಿಕೊಂಡು ಎದ್ದಳು. ಚಿಗಟ ಏಳಲಿಲ್ಲ.

ಎರಡು ತಿಂಗಳ ಮೇಲೆ ಲೀಗಿನವರೊಬ್ಬರು ವಿಚಾರಣೆಗೆ ಬಂದರು, ನನ್ನ ಕೋಣೆಗೇ. ಚಿಗಟ ಅವಳಮ್ಮನ ತೋಳು ಹಿಡಿದು ಬಂದು ಕೂತಳು. ಎಡಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಮಾತು ಒಂದೊಂದೇ ಬರುತ್ತಿತ್ತು.

"ಡಾಕ್ಟ್ರು ಚೀಟಿ ಕೊಟ್ಟಿದ್ರಂತೆ. ಅದು ನಿಮ್ಮ ಕೈಗೆ ಬಂದಿತ್ತಾ?" ಅವರು ನನ್ನನ್ನು ಕೇಳಿದರು.

ಹೌದು ಅನ್ನಬೇಕಿತ್ತು. ಚೀಟಿ ನನ್ನ ಬೆನ್ನ ಹಿಂದೆಯೇ, ಕಪಾಟಿನಲ್ಲಿತ್ತು. ಹೂಂ ಅಂದರೆ ನನ್ನ ಕೆಲಸ ಹೋಗುತ್ತಿತ್ತು, ಅದರ ಹಿಂದೆಯೇ ತಂಡವೂ. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಚಿಗಟ ಬಾಯಿಬಿಟ್ಟಳು.

"ಅಕ್ಕಂಗೆ... ನಾನು... ತೋರಿಸ್ಲೇ ಇಲ್ಲ."

ನನಗೆ ನಾಚಿಕೆಯಾಯಿತು, ನೆಮ್ಮದಿಯೂ ಆಯಿತು. ನೆಮ್ಮದಿಯೇ ಮೊದಲು ಬಂತು. ಲೀಗಿನವರು ಅವಳ ಮಾತನ್ನು ಬರೆದುಕೊಂಡು ಫೈಲು ಮುಚ್ಚಿದರು.

"ನಿನ್ ಬಾಳು ನಿನ್ ಕೈಯಾರೆ ಕೆಡಿಸ್ಕೊಂಡ್ಯಲ್ಲೇ" ಅಂತ ಅವಳಮ್ಮ ಮಗಳ ಬೆನ್ನಿಗೊಂದು ಹೊಡೆದರು. ಆಮೇಲೆ ನನ್ನ ಕಡೆ ತಿರುಗಿ ನನ್ನ ಎರಡೂ ಕೈ ಹಿಡಿದುಕೊಂಡರು. "ನಿಮ್ಗೂ ಕೆಟ್ಟ ಹೆಸರು ತಂದ್ಳಲ್ಲಮ್ಮ. ಮನಸ್ಸಿಗೆ ಹಚ್ಕೋಬೇಡಿ."

"ಇರ್ಲಿ ಬಿಡಿ" ಅಂದೆ.