ಏಳನೆಯ ಸಾಲು

ಟಿ-ಶರ್ಟು ಕತ್ತಿನ ಬಳಿ ಸಿಕ್ಕಿಕೊಂಡು ಪಾಲ್ಮಾರೆಸ್ ಅರ್ಧ ನಿಮಿಷ ಲೋಕಕ್ಕೆ ಕಾಣದಂತಾದ. ಒಳಗೆ ಕತ್ತಲೆ, ಹೊಸ ಬಟ್ಟೆಯ ಗಂಜಿ ವಾಸನೆ. ಇಲ್ಲೇ ಇದ್ದುಬಿಡಬಹುದಲ್ಲ ಎನ್ನಿಸಿತು.

"ಕೈ ಎತ್ತಿ ಸರ್," ಎಂದಳು ಹೊರಗಿನಿಂದ ಲೂರ್ದಿತಾ. ಸಂಘದ ಕಾರ್ಯದರ್ಶಿ, ಒಂದು ಕಾಲಕ್ಕೆ ಅವನ ವಿದ್ಯಾರ್ಥಿನಿ. "ದೇವರೇ ಅಂಗಿಯೊಳಗೆ ಸಿಕ್ಕಿಬಿದ್ರೆ ಭಕ್ತರ ಗತಿ ಏನು?"

"ಲೂರ್ದಿತಾ, ನಿನ್ನ ಹತ್ರ ಒಂದು ಮಾತು ಹೇಳ್ಬೇಕು."

"ಊಟ ಆದ್ಮೇಲೆ ಸರ್."

ತಲೆ ಹೊರಬಂತು. ಕಾಲೇಜಿನ ಸಭಾಂಗಣದಲ್ಲಿ ಅರವತ್ತು ಜನ, ಅರವತ್ತು ಹಳದಿ ಟಿ-ಶರ್ಟು. ಪ್ರತಿ ಎದೆಯ ಮೇಲೂ ಅವನು ಬರೆದ ಹತ್ತು ಸಾಲು. ತೆಳ್ಳಗಿದ್ದವರ ಮೇಲೆ ಏಳನೆಯ ಸಾಲು ಮಡಿಕೆಯಲ್ಲಿ ಅಡಗಿತ್ತು. ಹೊಟ್ಟೆ ಬಂದವರ ಮೇಲೆ ಅದು ಇಲೊಯಿಲೊ ಬಂದರಿನ ಹಡಗುಗಳಿಗೂ ಓದಲು ಬರುವಷ್ಟು ದೊಡ್ಡದಾಗಿ ಹಿಗ್ಗಿತ್ತು.

ಅಂಕಿಅಂಶದ ಒಂದು ತಂತ್ರಾಂಶವನ್ನು ಬಳಸುವವರ ಸಂಘ ಅದು. ಸದಸ್ಯರು ತಮ್ಮ ತೊಡಕುಗಳನ್ನು ಸಂಘದ ಇಮೇಲ್ ಪಟ್ಟಿಗೆ ಬರೆಯುತ್ತಿದ್ದರು, ಪಾಲ್ಮಾರೆಸ್ ಉತ್ತರಿಸುತ್ತಿದ್ದ. ಹದಿನಾಲ್ಕು ವರ್ಷ, ಹನ್ನೊಂದು ಸಾವಿರ ಉತ್ತರ. ಊರಿನ ಕೋಳಿಗಳು ಕೂಗುವುದನ್ನು ಮರೆತದ್ದುಂಟು, ಅವನ ಉತ್ತರ ತಡವಾದದ್ದಿಲ್ಲ. ಕ್ಷಯರೋಗಿಗಳ ಲೆಕ್ಕಕ್ಕೆಂದು ಅವನು ಬರೆದ ಆ ಹತ್ತು ಸಾಲಿನ ಪ್ರೋಗ್ರಾಮು ಓಡಿಸದೆ ಹಲ್ಲುಜ್ಜುವ ಆರೋಗ್ಯ ಕೇಂದ್ರದ ಗುಮಾಸ್ತ ಇಡೀ ವಿಸಾಯಾಸ್ ದ್ವೀಪಗಳಲ್ಲಿ ಒಬ್ಬನೂ ಇರಲಿಲ್ಲ. ಸೂರ್ಯ ಕೂಡ ಅವನನ್ನೊಂದು ಮಾತು ಕೇಳಿಯೇ ಮುಳುಗುತ್ತಾನೆಂದರೆ ನಂಬುವವರಿದ್ದರು.

ಮನೆಯಲ್ಲಿ ಅವನನ್ನು ಏನನ್ನಾದರೂ ಕೇಳುವವರು ಯಾರೂ ಇರಲಿಲ್ಲ.

ಮೂರು ದಿನದ ಹಿಂದೆ, ಇವತ್ತಿನ ಭಾಷಣಕ್ಕೆಂದು ಆ ಹತ್ತು ಸಾಲನ್ನು ವರ್ಷಗಳ ನಂತರ ಓದಿದ್ದ. ಏಳನೆಯದು ಸರಳವಾದ ಸಾಲು: ರೋಗಿ ಗುಳಿಗೆ ತೆಗೆದುಕೊಂಡ ದಿನಗಳು ನೂರೈವತ್ತಕ್ಕಿಂತ ಹೆಚ್ಚಿದ್ದರೆ ಚಿಕಿತ್ಸೆ ಮುಗಿಸಿದವರ ಲೆಕ್ಕಕ್ಕೆ ಸೇರಿಸು. ಆದರೆ ದಿನಗಳನ್ನೇ ಬರೆಯದೆ ಖಾಲಿ ಬಿಟ್ಟಿದ್ದರೆ? ಖಾಲಿ ಜಾಗವನ್ನು ಆ ತಂತ್ರಾಂಶ ಒಂದು ಚುಕ್ಕೆಯಾಗಿ ತೋರಿಸುತ್ತದೆ. ಆ ಚುಕ್ಕೆಯನ್ನು ಯಾವ ಸಂಖ್ಯೆಗಿಂತಲೂ ದೊಡ್ಡದೆಂದು ಎಣಿಸುತ್ತದೆ. ಅಂದರೆ ಗುಳಿಗೆಗೆ ಮತ್ತೆ ಬಾರದೇ ಹೋಗಿ ದಿನಗಳು ಖಾಲಿ ಉಳಿದವರೆಲ್ಲ ಲೆಕ್ಕದಲ್ಲಿ ವಾಸಿಯಾದವರು.

ಅವನಿಗೆ ಬೆವರು ಬಂದದ್ದು ಆ ತಪ್ಪಿಗಲ್ಲ. ಏಳು ವರ್ಷದ ಹಿಂದೆ ಒನೊರಾತೊ ಗುಂಬಾನ್ ಎಂಬೊಬ್ಬ ಪಟ್ಟಿಗೆ ಬರೆದಿದ್ದ: ಸರ್, ಖಾಲಿ ಬಿಟ್ಟವರೂ ಮುಗಿಸಿದವರಲ್ಲಿ ಸೇರುತ್ತಿದ್ದಾರೇನೋ ಎಂದು ಸಣ್ಣ ಅನುಮಾನ. ಪಾಲ್ಮಾರೆಸ್ ಓಡಿಸಿ ನೋಡಿರಲಿಲ್ಲ. ಅನುಮಾನಕ್ಕೆ ತಂತ್ರಾಂಶದಲ್ಲಿ ಮದ್ದಿಲ್ಲ, ಮೊದಲು ಕೈಪಿಡಿ ಓದಿ, ಆಮೇಲೆ ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ಓದಿ, ಎಂದು ಉತ್ತರಿಸಿದ್ದ. ನಲವತ್ತು ಜನ ನಕ್ಕು ಬರೆದಿದ್ದರು. ಗುಂಬಾನ್ ಮತ್ತೆ ಬರೆಯಲಿಲ್ಲ.

ಇವತ್ತು ಹೇಳಿಬಿಡಬೇಕು. ಬೆಳಿಗ್ಗೆ ಜೀಪ್ನಿಯಲ್ಲಿ ಕೂತು ವಾಕ್ಯವನ್ನು ಸಿದ್ಧ ಮಾಡಿಕೊಂಡಿದ್ದ. ಇಳಿಯುವಾಗ ಅದು ಜೀಪ್ನಿಯಲ್ಲೇ ಉಳಿದುಹೋಯಿತು.

ಊಟಕ್ಕೆ ಶಾವಿಗೆ ಸಾರು, ಬಾಚೊಯ್, ಬಂತು. ಬಟ್ಟಲಿನ ಸಾರಿನಲ್ಲಿ ಹಂದಿಚರ್ಮದ ಚಕ್ಕೆಗಳು ಮೆತ್ತಗಾಗುವುದನ್ನೇ ನೋಡುತ್ತ ಕೂತಿದ್ದಾಗ ಒಬ್ಬ ಹುಡುಗಿ ಬಂದು ಹಿರಿಯರಿಗೆ ನಮಸ್ಕರಿಸುವ ರೀತಿಯಲ್ಲಿ ಅವನ ಕೈಯನ್ನು ಹಿಡಿದು ಹಣೆಗೆ ಒತ್ತಿಕೊಂಡಳು. ಜೊವೆಲಿನ್ ಎಂದು ಹೆಸರು. ಎದುರಿನ ಒಂದು ಸಣ್ಣ ದ್ವೀಪದ ಆರೋಗ್ಯ ಕೇಂದ್ರದಲ್ಲಿ ದಾಖಲೆ ಬರೆಯುವವಳು.

"ನಮ್ಮ ಕ್ಷಯದ ರಿಜಿಸ್ಟರು ಪೂರ್ತಿ ನಿಮ್ಮ ಹತ್ತು ಸಾಲಲ್ಲೇ ನಡೆಯೋದು ಸರ್. ಇಲ್ಲೀತನಕ ಇನ್ನೂರ ಹನ್ನೆರಡು ಜನ ಮುಗಿಸಿದ್ದಾರೆ. ಫಲಕ ಕೊಟ್ರು ನಮಗೆ."

"ಮುಗಿಸದೆ ಇದ್ದೋರು?"

"ಹುಡುಕ್ಕೊಂಡು ಹೋಗ್ತೀವಿ. ಪಟ್ಟೀಲಿ ಹೆಸರು ಬಂದೋರ ಮನೆಗೆಲ್ಲ ದೋಣಿ ಹೋಗತ್ತೆ."

"ಪಟ್ಟೀಲಿ ಬರದೆ ಇದ್ರೆ?"

"ಬರದೆ ಇದ್ರೆ ವಾಸಿ ಆಯ್ತು ಅಂತ ತಾನೆ ಸರ್." ಅವಳು ನಕ್ಕಳು. ಗುರುಗಳು ತಮಾಷೆ ಮಾಡುತ್ತಿದ್ದಾರೆಂದುಕೊಂಡಿರಬೇಕು.

"ಈ ಕೆಲಸ ಯಾರು ಕಲಿಸಿದ್ರು ಇಂದಾಯ್, ಮಗಳೇ?"

"ಗುಂಬಾನ್ ಮಾನೊಂಗ್, ನಮಗೆಲ್ಲ ಅಣ್ಣ ಇದ್ದಂಗೆ. ನನ್ನ ಕುರ್ಚೀಲಿ ಮೊದಲು ಅವರಿದ್ರು."

ಚಮಚ ಬಟ್ಟಲಿನ ಅಂಚಿಗೆ ತಾಗಿತು.

"ಮೊದಲೆಲ್ಲ ಅವರು ಖಾಲಿ ಇದ್ದೋರ ಹೆಸರು ಬೇರೆ ಪುಸ್ತಕದಲ್ಲಿ ಬರ್ಕೊಂಡು ಮನೆಮನೆ ತಿರುಗ್ತಿದ್ರಂತೆ. ಆಮೇಲೆ ಬಿಟ್ರು."

"ಯಾಕೆ?"

"ಸಂಘದಲ್ಲಿ ತಿಳಿದೋರು ಯಾರೋ ಬೈದ್ರಂತೆ. ನಂಗೂ ಹೇಳಿದ್ರು, ಅಲ್ಲಿ ಏನೂ ಕೇಳಕ್ಕೆ ಹೋಗ್ಬೇಡ, ಕೊಟ್ಟಿದ್ದನ್ನ ತಗೊಂಡು ಸುಮ್ನೆ ಬಾ ಅಂತ. ಅದಕ್ಕೇ ನಾನು ಒಂದು ಸಲಾನೂ ಬರೆದಿಲ್ಲ ಸರ್." ಹೆಮ್ಮೆಯಿಂದಲೇ ಹೇಳಿದಳು.

"ಈಗೆಲ್ಲಿದ್ದಾರೆ?"

"ಪಲವಾನ್ ಕಡೆ ಹೋದ್ರು ಅಂತಾರೆ. ಫೋನ್ ಹೋಗಲ್ಲ."

ಲೂರ್ದಿತಾ ಅವನ ಹೆಸರು ಕೂಗಿದಳು. ಚಪ್ಪಾಳೆ ಎಷ್ಟಿತ್ತೆಂದರೆ ಸೂರಿನ ಪಾರಿವಾಳಗಳು ಆ ದಿನ ಮರಳಿ ಬರಲೇ ಇಲ್ಲ. ಪಾಲ್ಮಾರೆಸ್ ಮೈಕಿನ ಎದುರು ನಿಂತು, ಅದು ಬಿಸಿಯಾಗುವವರೆಗೆ ಹಿಡಿದುಕೊಂಡಿದ್ದ.

"ಏಳನೇ ಸಾಲು ತಪ್ಪು," ಎಂದ.

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. "ಸರ್ ಪರೀಕ್ಷೆ ಕೊಡ್ತಿದ್ದಾರೆ ಕಣ್ರೋ."

ಅವನು ಹಲಗೆಯ ಮೇಲೆ ಸಾಲನ್ನು ಬರೆದ. ತಿದ್ದುಪಡಿಯನ್ನು ಸೇರಿಸಿದ: ನೂರೈವತ್ತಕ್ಕಿಂತ ಹೆಚ್ಚು, ಆದರೆ ಚುಕ್ಕೆಗಿಂತ ಕಡಿಮೆ. ನಾಲ್ಕು ಬೆರಳಿನ ಕೆಲಸ. ಸಭೆ ಒಂದೇ ಬಾಯಲ್ಲಿ ಓ ಎಂದಿತು. ಅರವತ್ತು ಕೀಲಿಮಣೆಗಳು ಆಲಿಕಲ್ಲು ಸುರಿದಂತೆ ಸದ್ದು ಮಾಡಿದವು.

"ಇದು ಕೈಪಿಡೀಲೇ ಇದೆಯಲ್ಲ ಸರ್," ಎಂದ ಮುಂದೆ ಕೂತಿದ್ದ ಒಬ್ಬ ಯುವಕ, ವಿನಯದಿಂದ.

"ಇದೆ. ಗುಂಬಾನ್ ಅನ್ನೋರು ಏಳು ವರ್ಷದ ಹಿಂದೇನೇ ಕೇಳಿದ್ರು. ನಾನು ಹಾಸ್ಯ ಮಾಡಿದೆ. ನೀವು ನಕ್ಕಿರಿ."

"ಯಾರು ಸರ್?"

ಯಾರಿಗೂ ನೆನಪಿರಲಿಲ್ಲ. ಒಬ್ಬ ಹಳೆಯ ಪತ್ರಗಳಲ್ಲಿ ಹುಡುಕಲು ಹೊರಟು, ಊರಿನ ಇಂಟರ್ನೆಟ್ ನಿಧಾನ ಎಂದು ಕೈಬಿಟ್ಟ. ಚಪ್ಪಾಳೆ ಈ ಸಲ ಮೊದಲಿಗಿಂತ ಹೆಚ್ಚು ಹೊತ್ತು ನಡೆಯಿತು. "ತಪ್ಪು ಒಪ್ಪಿಕೊಳ್ಳೋದು ಅಂದ್ರೆ ಇದು," ಎಂದು ಲೂರ್ದಿತಾ ಕಣ್ಣೊರೆಸಿಕೊಂಡಳು. ಅವನು ಕ್ಷಮೆ ಕೇಳಬೇಕೆಂದಿದ್ದ. ಅವನು ಕೇಳುವ ಮೊದಲೇ ಅವರು ಅದನ್ನು ಕೊಟ್ಟುಬಿಟ್ಟಿದ್ದರು, ಟಿ-ಶರ್ಟಿನಂತೆ, ಅಳತೆ ನೋಡದೆ.

ಯಾರೋ ದಪ್ಪ ಮಾರ್ಕರ್ ಪೆನ್ನು ತಂದರು. ಅದು ಎದೆಯಿಂದ ಎದೆಗೆ ಹೋಗತೊಡಗಿತು. ತಿದ್ದುವವರೂ ತಿದ್ದಿಸಿಕೊಳ್ಳುವವರೂ ಕಚಗುಳಿಗೆ ನಗುತ್ತಿದ್ದರು.

ಜೊವೆಲಿನ್ ಒಬ್ಬಳು ಕೂತೇ ಇದ್ದಳು. ಪಾಲ್ಮಾರೆಸ್ ಅವಳ ಹಿಂದೆ ಹೋಗಿ ನಿಂತ. ಪರದೆಯ ಮೇಲೆ ಇನ್ನೂರ ಹನ್ನೆರಡರ ಜಾಗದಲ್ಲಿ ನೂರ ಎಪ್ಪತ್ತೊಂದು ಎಂದಿತ್ತು.

"ನಲವತ್ತೊಂದು ಜನ ಸರ್."

ಅವಳು ಕೆಳಗೆ ಸರಿಸಿದಳು. ಹೆಸರು, ಊರು, ಒಂದು ಚುಕ್ಕೆ. ಹೆಸರು, ಊರು, ಒಂದು ಚುಕ್ಕೆ. ಕೆಲವು ಏಳು ವರ್ಷದ ಹಿಂದಿನವು.

"ಇವರ ಮನೆಗೆ ದೋಣಿ ಹೋಗಿಲ್ಲ ಸರ್." ಒಂದು ಹೆಸರಿನ ಮೇಲೆ ಬೆರಳಿಟ್ಟು, "ಈಗ ಎಲ್ಲಿ ಹುಡುಕ್ಲಿ?"

ಅವಳು ಕೇಳಿದ ಮೊದಲ ಪ್ರಶ್ನೆ ಅದು. ಹನ್ನೊಂದು ಸಾವಿರ ಉತ್ತರಗಳ ಮನುಷ್ಯ ಕನ್ನಡಕ ಹಾಕಿಕೊಂಡು ಪಟ್ಟಿಯನ್ನು ಮೊದಲಿನಿಂದ ಓದತೊಡಗಿದ.

"ನಾಲ್ಕಕ್ಕೆ ನನ್ನ ದೋಣಿ," ಎಂದು ಅವಳು ಪರದೆ ಮಡಚಿದಳು. ಈ ಸಲ ಅವನ ಕೈಯನ್ನು ಹಣೆಗೆ ಒತ್ತಿಕೊಳ್ಳಲಿಲ್ಲ. ಮರೆತಿದ್ದಿರಬಹುದು.

"ಸರ್, ನಿಮ್ಮದೊಂದು ಬಾಕಿ ಉಳೀತಲ್ಲ," ಎಂದು ಲೂರ್ದಿತಾ ಮಾರ್ಕರ್ ಹಿಡಿದು ಬಂದಳು. "ಅಲ್ಲಾಡ್ಬೇಡಿ." ಅವನ ಎದೆಯ ಮೇಲೆ ಏಳನೆಯ ಸಾಲನ್ನು ಮುಗಿಸಿ, ಕೊನೆಯ ಚುಕ್ಕೆಯನ್ನು ಒತ್ತಿ ಇಟ್ಟಳು. "ಆಯ್ತು. ಸರಿಹೋಯ್ತು."

ಅಂಗಿ ಬೆವರಿಗೆ ನೆನೆದಿತ್ತು. ಪಾಲ್ಮಾರೆಸ್ ತಲೆ ತಗ್ಗಿಸಿ ನೋಡಿದ. ಚುಕ್ಕೆಯ ಶಾಯಿ ಹರಡಿ ಕಾಳಿನಷ್ಟಾಯಿತು. ಗುಂಡಿಯಷ್ಟಾಯಿತು. ಪಕ್ಕದ ನೂರೈವತ್ತರ ಸೊನ್ನೆಯನ್ನು ಮುಟ್ಟಿತು, ನುಂಗಿತು, ನಿಲ್ಲದೆ ಐದರ ಕಡೆಗೆ ಹರಿಯಿತು. ಸುತ್ತ ಫೋಟೋಕ್ಕೆ ಎಲ್ಲರೂ ಒತ್ತಿಕೊಂಡು ನಿಲ್ಲುತ್ತಿದ್ದರು.

"ಸರ್, ಈ ಕಡೆ ನೋಡಿ."

ಅವನು ಕೆಳಗೇ ನೋಡುತ್ತಿದ್ದ.