ಕೆಸರಿನ ತಕರಾರು

ಗಂಡನ ರಬ್ಬರ್ ಬೂಟಿಗೆ ಅಂಟಿದ ಕೆಸರನ್ನು ಅವಳು ಹಿತ್ತಿಲ ಬಾಗಿಲಲ್ಲಿ ಕುಳಿತು ಹಳೆಯ ಚಮಚದಿಂದ ಕೆರೆಯುತ್ತಿದ್ದಳು. ಒಳಗೆ ಗಂಡನ ಹೆಣ ಮಲಗಿತ್ತು.

"ಅತ್ತಿಗೆ, ಇವತ್ತೂ ಅದೇ ಕೆಲಸಾನಾ? ಜನ ಬಂದಿದ್ದಾರೆ," ಎಂದಳು ನಾದಿನಿ.

"ಬಾಗಿಲಲ್ಲೇ ಬಿಚ್ಚಿಟ್ಟು ಬನ್ನಿ ಅಂತ ಬಡ್ಕೊಂಡೆ. ಒಂದಿನ ಕೇಳಿದ್ರಾ ನಿಮ್ಮಣ್ಣ? ಹೋಗೋವಾಗ್ಲೂ ಕೆಸರು ನನ್ನ ಪಾಲಿಗೇ ಬಿಟ್ಟು ಹೋದ್ರು."

ಕೊಲ್ಲಿಯ ತೂಬಿನ ಗೇಟು ಎತ್ತಿ ಇಳಿಸುವುದು ಅವನ ಕೆಲಸವಾಗಿತ್ತು. ಇದ್ದ ಮನೆ ಬಂದರು ಕಚೇರಿಯದು. ಆ ಕಚೇರಿಯ ಸಾಹೇಬರು ಹೆಣಕ್ಕೆ ಕೈಮುಗಿದು, ಗಡಿಯಾರ ನೋಡಿಕೊಂಡು, ಅವಳ ಹತ್ತಿರ ಬಂದರು.

"ಈ ಹೊತ್ತಲ್ಲಿ ಹೇಳಬಾರದು, ಆದ್ರೂ... ತಿಂಗಳೊಳಗೆ ಮನೆ ಬಿಡಬೇಕಾಗತ್ತಮ್ಮ. ತೂಬಿಗೆ ಹೊಸಬರನ್ನ ಹಾಕಲ್ಲ. ಕೊಲ್ಲಿಗೆ ಮಣ್ಣು ತುಂಬಿಸ್ತೀವಲ್ಲ."

"ಅಲ್ಲಿನ ಕೆಸರಲ್ಲಿ ಮೇಯೋ ಹಕ್ಕಿಗಳು?"

"ಅವಕ್ಕೇನಮ್ಮ, ರೆಕ್ಕೆ ಇದೆ. ಎಲ್ಲಾದ್ರೂ ಹೋಗ್ತವೆ."

ಅವಳಿಗೆ ಮೈಯೆಲ್ಲ ಉರಿಯಿತು. ಸಾಹೇಬರಿಗಿಂತ ಹೆಚ್ಚಾಗಿ, ಏನೂ ಕೇಳಿಸದವನಂತೆ ಒಳಗೆ ಮಲಗಿದ್ದವನ ಮೇಲೆ.

*

ನೀರಿಳಿದ ಒಂದು ಮಧ್ಯಾಹ್ನ ಅವನು ಅವಳನ್ನು ದಂಡೆಗೆ ಎಳೆದೊಯ್ದಿದ್ದ.

"ನೋಡೇ, ಆ ಉದ್ದ ಕೊಕ್ಕಿನದು ಆಳದ ಹುಳ ಎಳೆಯತ್ತೆ. ಈ ಗಿಡ್ಡ ಕೊಕ್ಕಿನದು ಓಡೋಡಿ ಮೇಲಿನದು ಹೆಕ್ಕತ್ತೆ. ಬೆಳ್ಳಕ್ಕಿ ನೀರಂಚಲ್ಲಿ ಮೀನಿಗೆ ಕಾಯತ್ತೆ. ಒಂದೇ ತಟ್ಟೆ, ಜಗಳವೇ ಇಲ್ಲ."

"ನಮ್ಮನೇಲಿ ಎರಡು ತಟ್ಟೆ, ಮೂರು ಹೊತ್ತೂ ಜಗಳ."

ಅವನು ನಕ್ಕ. "ಸುತ್ತಲಿನ ದಡಕ್ಕೆಲ್ಲ ಕಲ್ಲು ಕಟ್ಟಿಬಿಟ್ಟಿದ್ದಾರೆ ಕಣೇ. ಇಲ್ಲೂ ಮಣ್ಣು ತುಂಬಿದ್ರೆ ಇವು ಎಲ್ಲಿ ಮೇಯ್ಬೇಕು?"

"ಹಾಗಾದ್ರೆ ಮಣ್ಣು ತುಂಬಬೇಡಿ ಅಂತ ಬರೆದ ಆ ತಕರಾರು ಕಾಗದ ಮೇಲಿನ ಕಚೇರಿಗೆ ಹಾಕಿ. ಬರೆದು ಕನ್ನಡಿ ಹಿಂದೆ ಸಿಕ್ಕಿಸಿದ್ರೆ ಕನ್ನಡಿ ಓದತ್ತಾ?"

"ಹಾಕಿದ್ರೆ ಮನೆ ಕಿತ್ಕೋತಾರೆ. ನಿನ್ನನ್ನ ಎಲ್ಲಿ ಕೂರಿಸ್ಲಿ?"

"ಭಯ ನಿಮ್ಮದು, ನೆಪ ನಾನು!"

ಆಮೇಲೆ ವರ್ಷಗಟ್ಟಲೆ ಅದೇ ಮಾತು, ಅದೇ ಮುನಿಸು.

*

ಮಣ್ಣು ಮಾಡಿ ಬಂದವರೆಲ್ಲ ಹೊರಟ ಮೇಲೆ ಅವಳು ಕನ್ನಡಿಯ ಹಿಂದಿನಿಂದ ಕಾಗದ ಎಳೆದಳು. ಎಲ್ಲ ಬರೆದಾಗಿತ್ತು, ರುಜುವಿನ ಜಾಗ ಮಾತ್ರ ಖಾಲಿ.

"ಈಗ ಯಾಕತ್ತಿಗೆ ಇದೆಲ್ಲ? ಮನೆ ಹೇಗೂ ಹೋಯ್ತು," ನಾದಿನಿ ಗೊಣಗಿದಳು.

"ಅದಕ್ಕೇ. ಇನ್ನು ಕಿತ್ಕೊಳ್ಳೋಕೆ ಅವರಿಗೆ ಏನುಳಿದಿದೆ?"

ಒಂದೊಂದೇ ಅಕ್ಷರ ಒತ್ತಿ ತನ್ನ ರುಜು ಹಾಕಿದಳು. ಲಕೋಟೆಯ ಅಂಟು ಒಣಗಿ ಹೋಗಿತ್ತು; ಅನ್ನದ ಅಗುಳು ತಿಕ್ಕಿ ಮುಚ್ಚಿದಳು.

ಬೀದಿ ಕೊನೆಯ ಅಂಚೆ ಡಬ್ಬಿಯ ಬಾಯಿಗೆ ತುಕ್ಕು ಹಿಡಿದಿತ್ತು. ಕಾಗದ ಅರ್ಧಕ್ಕೆ ಸಿಕ್ಕಿಕೊಂಡಿತು. ಅವಳು ಅಂಗೈಯಿಂದ ಗುದ್ದಿದಳು, ಬೈದಳು, ಮತ್ತೆ ಗುದ್ದಿದಳು. ಒಳಗೆ ಬಿದ್ದ ಸದ್ದು ಕೇಳಿದ ಮೇಲೂ, ಇನ್ನೂ ಸಿಕ್ಕಿಕೊಂಡಿದೆಯೇನೋ ಎಂದು ಎರಡು ಬೆರಳು ತೂರಿಸಿ ತಡಕಾಡಿದಳು. ಏನೂ ಸಿಗದಿದ್ದಾಗ ಕೈ ಹಿಂದಕ್ಕೆ ತೆಗೆದಳು.